ಬೇರೆ ಒಲೆ

ತರಬೇತಿ ಕೇಂದ್ರದ ಗುಮಾಸ್ತ ಎರಡು ಅರ್ಜಿಗಳನ್ನು ಅಕ್ಕಪಕ್ಕ ಇಟ್ಟು, ಎರಡರ ವಿಳಾಸದ ಸಾಲಿನ ಮೇಲೂ ಬೆರಳಾಡಿಸಿ, ಮನೆ ನಂಬರು ಒಂದೇ ಇದೆಯಲ್ಲ ಎಂದ. ಒಂದು ಅರ್ಜಿ ಫ್ರಿಜ್ ಡಾಕ್ಟರನದು, ಇನ್ನೊಂದು ಅವನ ಮಗಳದು. ಅಪ್ಪ ಅರ್ಜಿ ಹಾಕಿದ್ದು ಮಗಳಿಗೆ ಗೊತ್ತಿರಲಿಲ್ಲ, ಮಗಳು ಹಾಕಿದ್ದು ಅಪ್ಪನಿಗೆ ಗೊತ್ತಿರಲಿಲ್ಲ. ಆ ಬೆಳಿಗ್ಗೆ ಇಬ್ಬರೂ ಮನೆಯಲ್ಲಿ ಒಂದೊಂದು ನೆಪ ಹೇಳಿ ಹೊರಟು, ದಾಖಲೆ ತೋರಿಸುವ ಒಂದೇ ಸಾಲಿನಲ್ಲಿ ಹನ್ನೊಂದು ಜನರ ಅಂತರದಲ್ಲಿ ನಿಂತಿದ್ದರು. ಸಾಲು ತಿರುವು ತೆಗೆದುಕೊಂಡಾಗ ಮುಖಕ್ಕೆ ಮುಖ ಸಿಕ್ಕಿತ್ತು.

ಅವನನ್ನು ಬೀದಿಯವರು ಫ್ರಿಜ್ ಡಾಕ್ಟರ್ ಅನ್ನುವುದಕ್ಕೆ ಕಾರಣವಿತ್ತು. ಕೆಟ್ಟ ಫ್ರಿಜ್ಜಿನ ಕಂಪ್ರೆಸರಿಗೆ ಉದ್ದ ಸ್ಕ್ರೂಡ್ರೈವರಿನ ತುದಿ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಇಪ್ಪತ್ತಾರು ವರ್ಷದಿಂದ ಹೀಗೇ ರೋಗ ಹೇಳುತ್ತಿದ್ದ, ಹೆಚ್ಚಾಗಿ ಸರಿಯಾಗಿಯೇ ಹೇಳುತ್ತಿದ್ದ. ಈಗ ಹೊಸ ಫ್ರಿಜ್ಜುಗಳಿಗೆ ತುಂಬುವ ಗ್ಯಾಸ್ ಬೆಂಕಿ ಹಿಡಿಯುವಂಥದ್ದು. ಇನ್ನೆರಡು ತಿಂಗಳ ಮೇಲೆ, ಮೊದಲ ತಾರೀಕಿನಿಂದ ಸರ್ಟಿಫಿಕೇಟ್ ಇಲ್ಲದವರಿಗೆ ಅದರ ಡಬ್ಬಿ ಮಾರುವುದಿಲ್ಲವೆಂದು, ಕೋರ್ಸಿಗೆ ಸೇರಿದವರಿಗೆ ಮಾತ್ರ ತಾತ್ಕಾಲಿಕ ಕಾರ್ಡಿನ ಮೇಲೆ ಕೊಡುವೆವೆಂದು ಗ್ಯಾಸ್ ಅಂಗಡಿಯವನು ಬೋರ್ಡು ತೂಗುಹಾಕಿದ್ದ.

ಮಗಳಿಗೆ ಇಪ್ಪತ್ತೊಂದು. ವಿಜ್ಞಾನದಲ್ಲಿ ಹನ್ನೆರಡನೇ ತರಗತಿ ಮುಗಿಸಿ, ಮೂರು ವರ್ಷದಿಂದ ಬ್ಯಾಟರಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದಳು. ದೊಡ್ಡಾಸ್ಪತ್ರೆಯಲ್ಲಿ ಲಸಿಕೆ ಇಡುವ ಶೀತಲ ಕೋಣೆಗಳಿಗೆ ಮೆಕ್ಯಾನಿಕ್ ಬೇಕೆಂಬ ಚೀಟಿಯನ್ನು ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವ ಅವಳ ಅಮ್ಮನೇ ನೋಡಿ ಬಂದು ಹೇಳಿದ್ದು. ಅದಕ್ಕೂ ಇದೇ ಸರ್ಟಿಫಿಕೇಟ್ ಬೇಕು.

ಫ್ರಿಜ್ ಮತ್ತು ಏಸಿ ರಿಪೇರಿಯ ಕೋರ್ಸು ಹತ್ತು ತಿಂಗಳದ್ದು, ಖರ್ಚೆಲ್ಲ ಸರ್ಕಾರದ್ದು. ಸೀಟು ಮೂವತ್ತು, ಅರ್ಜಿ ನಾನೂರ ಹನ್ನೆರಡು. ಗೋಡೆಯ ಮೇಲಿನ ತಾತ್ಕಾಲಿಕ ಪಟ್ಟಿಯಲ್ಲಿ ಅಪ್ಪ ಇಪ್ಪತ್ತೆರಡನೆಯವನು, ಮಗಳು ಇಪ್ಪತ್ತೈದನೆಯವಳು.

ಒಂದು ಕುಟುಂಬಕ್ಕೆ ಒಂದೇ ಸೀಟು, ಇಬ್ಬರಲ್ಲಿ ಯಾರು ಅನ್ನುವುದನ್ನು ಮನೆಯಲ್ಲಿ ಮಾತಾಡಿಕೊಂಡು ಬನ್ನಿ ಎಂದ ಗುಮಾಸ್ತ. ಟೈಪಿಂಗಿಗಾದರೆ ಈಗಲೇ ಸೇರಿಸಿಕೊಳ್ಳುತ್ತೇನೆ, ಅಲ್ಲಿ ಅರ್ಧ ಬೆಂಚು ಖಾಲಿ ಎಂದೂ ಸೇರಿಸಿದ. ಮಗಳು ಕುಟುಂಬ ಅಂದರೆ ಏನೆಂದು ಕೇಳಿದಳು. ಅವನು ಅವಳ ಮುಖ ನೋಡಿ, ಡ್ರಾಯರಿನಿಂದ ನಿಯಮದ ಹಾಳೆ ತೆಗೆದು ತೋರಿಸಿದ. ಏಳನೆಯ ಅಂಶ: ಒಂದೇ ಒಲೆಯಲ್ಲಿ ಬೇಯಿಸಿದ್ದನ್ನು ಉಣ್ಣುವವರು ಒಂದು ಕುಟುಂಬ.

"ಹಾಗಾದ್ರೆ ಒಲೆ ಬೇರೆ ಇದ್ರೆ?"

"ಬೇರೆ ಕುಟುಂಬ. ಆದ್ರೆ ಬರೆದುಕೊಟ್ರೆ ಸಾಲದಮ್ಮ, ಆರು ವಾರದೊಳಗೆ ಯಾವತ್ತು ಬೇಕಾದ್ರೂ ತನಿಖೆಗೆ ಬರ್ತಾರೆ."

ಹಾಳೆ ಕಚೇರಿಯದಾದ್ದರಿಂದ ವಾಪಸ್ ಕೊಡಬೇಕಿತ್ತು. ಅವಳು ಎದುರಿನ ಅಂಗಡಿಗೆ ಓಡಿಹೋಗಿ ನಕಲು ತೆಗೆಸಿಕೊಂಡಳು. ಮನೆ ಸೇರುವುದರೊಳಗೆ ಅದನ್ನು ನಾಲ್ಕು ಸಲ ಓದಿದ್ದಳು.

ಅಡುಗೆಮನೆಯಲ್ಲಿ ತಟ್ಟೆಗಳ ಮುಂದೆ ಈ ವಿಷಯ ಬಂತು. ಅಪ್ಪ ಬ್ರೆಡ್ಡಿನ ಅಂಚು ಹರಿದು ಹರಿದು ಪಕ್ಕಕ್ಕಿಟ್ಟ. ತನ್ನ ಹೆಸರು ತೆಗೆಸಿ ಮಗಳದ್ದು ಉಳಿಸುತ್ತೇನೆ ಎಂದು ಒಮ್ಮೆ ಅಂದ. ಹೆಂಡತಿ, ಹತ್ತು ತಿಂಗಳು ಈ ಮನೆ ನಡೆಯುವುದು ಹೇಗೆ ಎಂದು ಕೇಳಿದಳು. ಮಗಳು ತನ್ನ ಹೆಸರು ತೆಗೆಸುತ್ತೇನೆ ಎಂದಳು. ಆಗ ಅಜ್ಜಿ ತಟ್ಟೆ ಸರಿಸಿ, ಹಾಗಾದರೆ ಇವಳು ಮುದುಕಿಯಾಗುವವರೆಗೆ ಬ್ಯಾಟರಿ ಒರೆಸಲಿ ಎಂದಳು. ಎರಡೂ ಮಾತು ಸರಿಯೇ ಇತ್ತು.

ಅಜ್ಜಿ ಫ್ರಿಜ್ ಡಾಕ್ಟರನ ತಾಯಿ. ಮೂವತ್ತೊಂದು ವರ್ಷ ಮಿಲ್ಲಿನ ಕ್ಯಾಂಟೀನಿನಲ್ಲಿ ಮುನ್ನೂರು ಜನಕ್ಕೆ ಬೇಯಿಸಿದವಳು. ನಿವೃತ್ತಿಯಾಗಿ ಬಂದ ವರ್ಷವೇ ಸೊಸೆ ಬಂದಳು, ಸೌಟು ಅವಳ ಕೈಗೆ ಹೋಯಿತು. ಅಂದಿನಿಂದ ಅಜ್ಜಿಯ ಪಾಲಿಗೆ ಈರುಳ್ಳಿ ಸುಲಿಯುವುದು, ಒಣಗಿದ ಬಟ್ಟೆ ಮಡಿಸುವುದು, ಬೇಳೆಯಲ್ಲಿ ಕಲ್ಲು ಆರಿಸುವುದು.

"ಹಿತ್ತಲ ಕೋಣೆ ಖಾಲಿ ಬಿದ್ದಿದೆ," ಅಂದಳು. "ನಾನೂ ಪುಟ್ಟೀನೂ ಅಲ್ಲಿ ಒಲೆ ಹೂಡ್ತೀವಿ. ಆರು ವಾರ ತಾನೆ."

ಸೊಸೆ ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. ಬೀದಿಯವರಿಗೆ ಕಚೇರಿಯ ನಿಯಮ ಗೊತ್ತಿಲ್ಲ, ಒಲೆ ಬೇರೆಯಾಯಿತು ಅನ್ನುವುದಷ್ಟೇ ಕಾಣುತ್ತದೆ ಎಂದಳು. "ಅತ್ತೇನ ಹಿತ್ತಲಿಗೆ ತಳ್ಳಿದಳು ಅಂತ ನಾಳೆ ನನ್ನ ಮುಖಕ್ಕೇ ಅಂತಾರೆ. ನೀವೇನೋ ಹೂಡ್ತೀನಿ ಅಂದುಬಿಟ್ರಿ."

ಅಜ್ಜಿ ಕನ್ನಡಕ ಹಾಕಿಕೊಂಡು ನಕಲು ಹಾಳೆಯನ್ನು ತಾನೂ ಓದಿದಳು. ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಇದ್ದುದರ ಮೇಲೆ ಬೆರಳಿಟ್ಟು, ಪುತಿನೋ ಅಂದರೆ ಯಾರೇ ಇವನು ಎಂದು ಕೇಳಿದಳು. ಯಾರೋ ಆಫೀಸರಿನ ಹೆಸರಿನ ಅಕ್ಷರ ಇರಬೇಕು ಅಜ್ಜಿ ಎಂದಳು ಮೊಮ್ಮಗಳು. ಒಳ್ಳೇ ಹೆಸರು ಎಂದು ಅಜ್ಜಿ ಹಾಳೆ ಮಡಿಸಿಟ್ಟಳು. ಮಾರನೆಯ ದಿನ ಮಗಳು, ತನ್ನ ಮತ್ತು ಅಜ್ಜಿಯ ಒಲೆ ಬೇರೆ ಎಂದು ಕಚೇರಿಗೆ ಬರೆದುಕೊಟ್ಟು ಬಂದಳು.

ಆ ಭಾನುವಾರ ಫ್ರಿಜ್ ಡಾಕ್ಟರ್ ಅಟ್ಟದಿಂದ ಹಳೆಯ ಗ್ಯಾಸ್ ಒಲೆ ಇಳಿಸಿ, ಬಿಚ್ಚಿ, ತೂತುಗಳನ್ನು ಪಿನ್ನಿನಿಂದ ಬಿಡಿಸಿ, ಹಿತ್ತಲ ಕೋಣೆಯಲ್ಲಿ ಕೂರಿಸಿದ. ಉರಿ ಅಂಚಿನವರೆಗೆ ನೀಲಿಯಾಗಿ, ಸದ್ದಿಲ್ಲದೆ ಬಂತು. ಅಜ್ಜಿ ಬಗ್ಗಿ ನೋಡಿ, ಇದು ಆಗುವುದಿಲ್ಲ ಎಂದಳು. ತನಿಖೆಗೆ ಬಂದವರು ಪಾತ್ರೆಯ ತಳ ನೋಡುತ್ತಾರೆ, ನಾನಾಗಿದ್ದರೂ ಅದನ್ನೇ ನೋಡುತ್ತಿದ್ದೆ. ಎಷ್ಟೋ ದಿನದಿಂದ ಬೇಯುತ್ತಿದೆ ಅನ್ನಿಸಬೇಕಾದರೆ ಮಸಿ ಹಿಡಿಯಬೇಕು.

"ಹಳದಿ ಉರಿ ಬರೋ ಒಲೆ ನನ್ನ ಕೈಯಿಂದ ಇವತ್ತಿನವರೆಗೆ ಹೊರಗೆ ಹೋಗಿಲ್ಲಮ್ಮ."

"ಇದು ಹೊರಗೆಲ್ಲಿ ಹೋಗುತ್ತೆ? ಹಿತ್ತಲಿಗೆ ತಾನೆ."

ಬರ್ನರಿನ ಕೊಳವೆಯ ಬುಡದಲ್ಲಿ ಗಾಳಿ ಹೋಗುವ ಕಿಂಡಿಯಿರುತ್ತದೆ. ಗಾಳಿ ಸಾಲದಿದ್ದರೆ ಗ್ಯಾಸ್ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ. ಅವನು ಆ ಕಿಂಡಿಯನ್ನು ಮುಕ್ಕಾಲು ಮುಚ್ಚಿದ. ಉರಿ ಹಳದಿಗೆ ತಿರುಗಿ, ನಾಲಿಗೆ ಚಾಚಿ ತೂರಾಡಿತು. ಅವನು ಅದನ್ನು ನೋಡಲಾರದೆ ಎದ್ದುಹೋದ. ನಾಲ್ಕು ದಿನದಲ್ಲಿ ಪಾತ್ರೆಯ ತಳ ಹೊಸ ಟೈರಿನಂತಾಗಿತ್ತು.

ಮೊದಲ ವಾರ ಅಲ್ಲಿ ಟೀ ಮಾತ್ರ ಕಾಯಿತು. ಎರಡನೆಯ ವಾರ ಅಜ್ಜಿ ಅಡುಗೆಗೇ ಇಳಿದಳು. ಅವಳಿಗೆ ಇಬ್ಬರಿಗೆ ಬೇಯಿಸುವ ಅಂದಾಜೇ ಇರಲಿಲ್ಲ. ಕೈ ಅಳತೆಯೆಲ್ಲ ಕ್ಯಾಂಟೀನಿನದು. ಎಷ್ಟು ಕಡಿಮೆ ಹಾಕಿದರೂ ಹತ್ತು ಜನಕ್ಕಾಗುತ್ತಿತ್ತು. ಬೆಳ್ಳುಳ್ಳಿ ಕೆಂಪಗೆ ಹುರಿದು ಬೇಯಿಸಿದ ಆಲೂಗಡ್ಡೆ ಬೀದಿಯ ನಾಲ್ಕು ಮನೆಗೆ ಹೋಯಿತು. ಮುಂದಿನ ಅಡುಗೆಮನೆಗೆ ಮಾತ್ರ ಹೋಗುವಂತಿರಲಿಲ್ಲ, ಒಲೆ ಬೇರೆ. ಎರಡು ಗಂಟೆಗೆ ಲಾಂಡ್ರಿಯಿಂದ ಬರುವ ಸೊಸೆಗೆ ನಲ್ಲಿಯ ಹತ್ತಿರ ಸಿಕ್ಕ ಹೆಂಗಸರೆಲ್ಲ, ನಿಮ್ಮ ಅತ್ತೆಯ ಕೈರುಚಿ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಿರಿ ಎಂದು ಕೇಳತೊಡಗಿದರು.

ಅವಳು ಮನೆಗೆ ಬಂದರೆ ಈರುಳ್ಳಿ ಸುಲಿಯದೆ ಬಿದ್ದಿರುತ್ತಿತ್ತು, ಬಟ್ಟೆ ತಂತಿಯ ಮೇಲೇ ಇರುತ್ತಿತ್ತು. ಬೆಳಗಿನಿಂದ ಆಸ್ಪತ್ರೆಯ ಹಾಸಿಗೆ ಬಟ್ಟೆ ಮಡಿಸಿ ಬಂದವಳು ಮತ್ತೆ ಮನೆಯ ಬಟ್ಟೆ ಮಡಿಸಬೇಕಿತ್ತು. ಮಗಳು ಸಂಜೆ ಬಂದು ಹಿತ್ತಲ ಪಾತ್ರೆಯಷ್ಟೇ ತೊಳೆದಳು. ಮುಂದಿನ ಪಾತ್ರೆಗೂ ಕೈ ಹಾಕಲು ಬಂದಾಗ ಅಮ್ಮನೇ ಬೇಡವೆಂದಳು.

"ಬಿಡು. ನೀವು ಬೇರೆ ಮನೆಯವರು."

"ಅಮ್ಮ, ಇದು ಕಚೇರಿಗೆ ತೋರಿಸೋಕೆ ಅಷ್ಟೇ ಕಣಮ್ಮ."

"ನಿನ್ನ ಅಜ್ಜಿ ಬೀದಿಗೆಲ್ಲ ಬಡಿಸ್ತಿರೋದೂ ಕಚೇರಿಗೆ ತೋರಿಸೋಕಾ?"

ಮೂರನೆಯ ವಾರ ಜಗಳ ದೊಡ್ಡ ಅಲ್ಯೂಮಿನಿಯಂ ಪಾತ್ರೆಯ ಮೇಲೆ ಬಂತು. ಅದು ಮುಂದಿನ ಅಡುಗೆಮನೆಯಲ್ಲಿ ನೀರು ಕಾಯಿಸಲು ಬಳಸುತ್ತಿದ್ದದ್ದು, ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಹೋಗಿ ಕುಳಿತಿತ್ತು. ಸೊಸೆ ಕೇಳಿದಳು. ಅದು ತನ್ನ ಮೊದಲ ಸಂಬಳದಲ್ಲಿ ಕೊಂಡದ್ದೆಂದು ಅಜ್ಜಿ ಹೇಳಿದಳು. ಹಾಗಾದರೆ ನನ್ನ ಸಂಬಳದಲ್ಲಿ ಕೊಂಡ ಚಾಪೆಯ ಮೇಲೆ ಯಾಕೆ ಮಲಗುತ್ತೀರಿ ಎಂದು ಸೊಸೆ ಕೇಳಿದಳು. ಸಂಜೆಯ ಹೊತ್ತಿಗೆ ಚಾಪೆ ಸುತ್ತಿ ಮುಂದಿನ ಬಾಗಿಲಿಗೆ ಒರಗಿಸಲಾಗಿತ್ತು. ಅಜ್ಜಿ ಹಳೆಯ ಕಂಬಳಿಯ ಮೇಲೆ ಮಲಗಿದಳು, ಮೂರು ದಿನ ಸೊಂಟ ಹಿಡಿದುಕೊಂಡು ಓಡಾಡಿದಳು. ಚಾಪೆಯನ್ನು ವಾಪಸ್ ಒಯ್ಯಲು ಇಬ್ಬರಲ್ಲಿ ಯಾರೂ ತಯಾರಿರಲಿಲ್ಲ. ಕೊನೆಗೆ ಅದನ್ನು ಒಯ್ದವನು ಫ್ರಿಜ್ ಡಾಕ್ಟರ್. ಅದಕ್ಕೆ ಎರಡೂ ಕಡೆಯಿಂದ ಬೈಸಿಕೊಂಡ.

ಅವನ ಸ್ಥಿತಿಯಂತೂ ಯಾರಿಗೂ ಬೇಡ. ಮಧ್ಯಾಹ್ನ ಹೆಂಡತಿ ಬರುವ ಮುಂಚೆ ತಾಯಿಯ ಒಲೆಯ ಮುಂದೆ ಒಂದು ತಟ್ಟೆ ಮುಗಿಸುತ್ತಿದ್ದ, ಆಮೇಲೆ ಹೆಂಡತಿಯ ಮುಂದೆ ಹಸಿದವನಂತೆ ಇನ್ನೊಂದು ತಟ್ಟೆಗೆ ಕೂರುತ್ತಿದ್ದ. ಒಂದು ದಿನ ಅವಳು ನೀರು ಕೊಡುವಾಗ ಅವನ ಕೈ ಹಿಡಿದು ಮೂಸಿದಳು.

"ಬೆಳ್ಳುಳ್ಳಿ. ನಾನು ಇವತ್ತು ಬೆಳ್ಳುಳ್ಳೀನೇ ಹಾಕಿಲ್ಲ."

"ಅಮ್ಮ ಒಂದೇ ಒಂದು ತುತ್ತು ತಿನ್ನು ಅಂದ್ಲು."

"ತನಿಖೆಯವರು ಬಂದಾಗ ನಿಮ್ಮ ಹೊಟ್ಟೆ ತೋರಿಸಿ ರೀ. ಯಾವ ಕುಟುಂಬ ಅಂತ ಅವರೇ ಬರ್ಕೊಳ್ಲಿ."

ಮಗಳು ಮಾತ್ರ ದಿನ ಎಣಿಸುತ್ತಿದ್ದಳು. ಗೋಡೆಯ ಕ್ಯಾಲೆಂಡರಿನಲ್ಲಿ ನಲವತ್ತೆರಡನೆಯ ದಿನಕ್ಕೆ ಪೆನ್ಸಿಲಿನಿಂದ ಗೆರೆ ಎಳೆದಿದ್ದಳು. ಎರಡು ಸೀಟು ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂದು ಅಮ್ಮನಿಗೂ ಅಜ್ಜಿಗೂ ಬೇರೆ ಬೇರೆಯಾಗಿ ಹೇಳುತ್ತಿದ್ದಳು. ಒಟ್ಟಿಗೆ ಹೇಳಲು ಅವರು ಒಂದು ಕಡೆ ಕೂರುತ್ತಿರಲಿಲ್ಲ. ನಿಯಮದ ಹಾಳೆಯನ್ನು ಅಜ್ಜಿ ಉಪ್ಪಿನ ಡಬ್ಬಿಯ ಅಡಿಗೆ ಹಾಸಿದ್ದಳು. ಕೇಳಿದರೆ ತಕ್ಷಣ ಕೈಗೆ ಸಿಗಲಿ ಎಂದು.

ತನಿಖೆಯ ಮೇಡಂ ಬಂದದ್ದು ಐದನೆಯ ವಾರ, ಲಾಂಡ್ರಿಗೆ ರಜೆಯಿದ್ದ ಒಂದು ಮಧ್ಯಾಹ್ನ. ಎಲ್ಲರೂ ಮನೆಯಲ್ಲಿದ್ದರು. ಮೂವತ್ತು ದಾಟದ ಹೆಂಗಸು, ಕೈಯಲ್ಲಿ ಟ್ಯಾಬ್, ಪಾದದಲ್ಲಿ ಧೂಳು. ಹಿತ್ತಲ ಕೋಣೆಗೆ ಬಂದವಳು ಅಕ್ಕಿಯ ಡಬ್ಬಿ ತೆರೆದಳು, ಎಣ್ಣೆಯ ಸೀಸೆ ಎತ್ತಿದಳು, ಅಜ್ಜಿ ಹೇಳಿದ ಹಾಗೆಯೇ ಪಾತ್ರೆಯನ್ನು ಮಗುಚಿ ತಳ ನೋಡಿದಳು. ಬೆರಳಿಗೆ ಹತ್ತಿದ ಮಸಿಯನ್ನು ಗೋಡೆಗೆ ಒರೆಸಿಕೊಂಡಳು. ಅಜ್ಜಿಯ ಮುಖದಲ್ಲಿ ಗೆಲುವಿತ್ತು. ಮಗಳು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಸರಿಯಿದೆ, ಕೊನೆಯದೊಂದು ಪ್ರಶ್ನೆ ಎಂದಳು ಮೇಡಂ.

"ಬೇರೆಯಾದ ಕಾರಣ?"

ಇದನ್ನು ಯಾರೂ ತಯಾರು ಮಾಡಿಕೊಂಡಿರಲಿಲ್ಲ. ಜಾಗ ಸಾಲದ್ದಕ್ಕೆ ಎಂದ ಫ್ರಿಜ್ ಡಾಕ್ಟರ್. ಮೇಡಂ ಮುಂದಿನ ಮನೆಯ ಎರಡು ಕೋಣೆಗಳತ್ತ ಒಮ್ಮೆ ನೋಡಿ, ಏನೂ ಬರೆದುಕೊಳ್ಳದೆ ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಸೆರಗಿನ ತುದಿ ತಿರುಚಿದಳು.

"ಇಪ್ಪತ್ನಾಲ್ಕು ವರ್ಷ ಇವಳ ಅಡುಗೆ ಉಂಡಿದ್ದೀನಿ ಮೇಡಂ. ಒಂದು ದಿನ, ಅತ್ತೆ, ಉಪ್ಪು ಸರಿಯಿದೆಯಾ ನೋಡಿ ಅಂತ ಸೌಟು ನನ್ನ ಕೈಗೆ ಕೊಟ್ಟಿಲ್ಲ. ಈರುಳ್ಳಿ ಸುಲಿ ಅಂತ ಕೂರಿಸಿದ್ಲು. ಮುನ್ನೂರು ಜನಕ್ಕೆ ಬೇಯಿಸಿದ ಕೈ ಇದು."

ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಸೊಸೆ ಒದ್ದೆ ಟವಲು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಮಗಳು ಕಣ್ಣಲ್ಲೇ ಬೇಡವೆಂದಳು. ಅವಳು ನೋಡಲಿಲ್ಲ.

"ಸೌಟು ಕೊಟ್ಟಿದ್ರೆ ನೀವು ಉಪ್ಪು ಮಾತ್ರ ನೋಡ್ತಿದ್ರಾ ಅತ್ತೆ? ನಾನು ಬಂದ ಮೊದಲನೇ ತಿಂಗಳು, ನೆಂಟರೆಲ್ಲ ಕೂತಿದ್ದಾಗ, ಇದು ನಮ್ಮ ಕ್ಯಾಂಟೀನಾಗಿದ್ರೆ ತಟ್ಟೆ ವಾಪಸ್ ಬರ್ತಿತ್ತು ಅಂದ್ರಿ. ನನಗಾಗ ಇಪ್ಪತ್ತು ವರ್ಷ. ಅವತ್ತು ಒಳಗೆ ಹೋಗಿ ಅತ್ತಿದ್ದು ಯಾರಿಗೂ ಗೊತ್ತಿಲ್ಲ. ಸೌಟು ಕೊಡಬೇಕಂತೆ."

"ತಮಾಷೆಗೆ ಅಂದಿದ್ದು."

"ನಗು ಬಂದಿದ್ದು ನಿಮಗೆ."

ಮೇಡಂ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿ, ಇದೆಲ್ಲ ನಿಜವೇ ಎಂದು ಕೇಳಿದಳು. ಇಬ್ಬರೂ ಒಟ್ಟಿಗೆ ನಿಜ ಎಂದರು. ಐದು ವಾರದಲ್ಲಿ ಅವರು ಒಂದೇ ಮಾತು ಆಡಿದ್ದು ಅದೊಂದೇ ಸಲ. ಮೇಡಂ ಟ್ಯಾಬಿನಲ್ಲಿ ಅತ್ತೆ ಸೊಸೆ ವೈಮನಸ್ಯ ಎಂದು ಒತ್ತಿ, ಅಜ್ಜಿಯ ಹೆಬ್ಬೆಟ್ಟಿನ ಗುರುತು ತೆಗೆದುಕೊಂಡು, ಕುಟುಂಬ ಬೇರೆ ಎಂದು ದೃಢಪಟ್ಟಿದೆ ಎಂದಳು. ಇಷ್ಟು ಖಚಿತವಾದ ಮನೆ ಇತ್ತೀಚೆಗೆ ನೋಡಿರಲಿಲ್ಲ, ಎಲ್ಲ ಕಡೆ ಬರೀ ನಾಟಕ ಎಂದು ಹೋಗುವಾಗ ಹೇಳಿದಳು.

ಬಾಗಿಲು ಮುಚ್ಚಿದ ಮೇಲೆ ಮಗಳು ನಗಲು ನೋಡಿದಳು. ಏನು ಚೆನ್ನಾಗಿ ಮಾಡಿದಿರಿ ಇಬ್ಬರೂ ಎಂದಳು. ಅಮ್ಮ ಟವಲು ಹಿಂಡಿ ತಂತಿಗೆ ಹಾಕಿದಳು. ಅಜ್ಜಿ ಒಳಗೆ ಹೋಗಿ ಮಗುಚಿಟ್ಟ ಪಾತ್ರೆಯನ್ನು ನೆಟ್ಟಗೆ ಮಾಡಿದಳು.

ಅಂತಿಮ ಪಟ್ಟಿ ಎಂಟು ದಿನಕ್ಕೆ ಬಂತು. ಮಗಳು ಅಂಗಡಿಗೆ ಅರ್ಧ ದಿನ ರಜೆ ಹಾಕಿ ಹೋದಳು. ಇಪ್ಪತ್ತನಾಲ್ಕನೆಯ ಹೆಸರು ಅವಳದ್ದು. ಅಪ್ಪನ ಹೆಸರು ಇಪ್ಪತ್ತೆರಡರಲ್ಲಿ ಇರಲಿಲ್ಲ. ಮೂವತ್ತರವರೆಗೆ ಎರಡು ಸಲ ಬೆರಳಿಟ್ಟು ನೋಡಿದಳು. ಕಾಯುವವರ ಪಟ್ಟಿಯಲ್ಲಿ, ಐವತ್ತೊಂದನೆಯದಾಗಿ ಸಿಕ್ಕಿತು. ಮುದ್ರಣದ ತಪ್ಪಿರಬೇಕೆಂದು ಕಿಟಕಿಗೆ ಹೋದಳು.

ತಪ್ಪಿಲ್ಲವೆಂದ ಗುಮಾಸ್ತ. ಅರವತ್ತು ದಾಟಿದ ಅವಲಂಬಿತರು ಕುಟುಂಬದಲ್ಲಿದ್ದರೆ ಎಂಟು ಅಂಕ. ಮೊದಲು ಆ ಎಂಟು ಇಬ್ಬರಿಗೂ ಸೇರಿತ್ತು. ಅಜ್ಜಿ ಈಗ ನಿಮ್ಮ ಕುಟುಂಬದಲ್ಲಿದ್ದಾರೆ, ಆದ್ದರಿಂದ ನಿಮ್ಮದು ಉಳಿಯಿತು. ನಿಮ್ಮ ತಂದೆಯದು ಹೋಯಿತು. ಎಂಟು ಅಂಕದ ನಡುವೆ ಇಪ್ಪತ್ತೊಂಬತ್ತು ಜನ ಇದ್ದಾರೆ, ಏನು ಮಾಡುವುದು.

"ಹಾಗಂತ ನಿಯಮದಲ್ಲಿ ಎಲ್ಲೂ ಇಲ್ಲ. ನಾನು ಬಾಯಿಪಾಠ ಆಗೋವಷ್ಟು ಓದಿದ್ದೀನಿ."

ಗುಮಾಸ್ತ ಡ್ರಾಯರಿನಿಂದ ಅದೇ ಹಾಳೆ ತೆಗೆದು ಹಿಂಬದಿಗೆ ತಿರುಗಿಸಿದ. ಅಂಕಗಳ ಕೋಷ್ಟಕ ಅಲ್ಲಿತ್ತು, ಹಾಳೆ ತುಂಬ.

"ನನ್ನ ನಕಲಲ್ಲಿ ಇದಿಲ್ಲ."

"ಒಂದೇ ಕಡೆ ತೆಗೆದಿದ್ದಾನೆ. ಕೆಳಗೆ ಪು.ತಿ.ನೋ. ಅಂತ ಇದೆಯಲ್ಲಮ್ಮ. ಪುಟ ತಿರುಗಿಸಿ ನೋಡಿ."

ಅವಳು ತನ್ನ ಸೀಟು ಅಪ್ಪನಿಗೆ ಕೊಡಲು ಬರುತ್ತದೆಯೇ ಎಂದು ಕೇಳಿದಳು. ಬಿಟ್ಟರೆ ಮೂವತ್ತೊಂದನೆಯವರಿಗೆ ಹೋಗುತ್ತದೆ. ಮತ್ತೆ ಒಂದೇ ಒಲೆ ಮಾಡಿಕೊಂಡರೆ? ಬೇರೆ ಎಂದು ಬರೆದುಕೊಟ್ಟ ಮೇಲೆ ಕೋರ್ಸು ಮುಗಿಯುವವರೆಗೆ ಬೇರೆಯೇ ಇರಬೇಕು, ನಡುವೆ ಮತ್ತೆ ತನಿಖೆ ಇರುತ್ತದೆ, ಸುಳ್ಳೆಂದು ಕಂಡರೆ ಇಬ್ಬರ ಹೆಸರೂ ಐದು ವರ್ಷ ಬರುವುದಿಲ್ಲ. ಅವನು ಇದನ್ನೆಲ್ಲ ಒರಟಾಗಿ ಹೇಳಲಿಲ್ಲ. ಅವಳ ಹಿಂದೆ ನಲವತ್ತು ಜನ ನಿಂತಿದ್ದರು.

ಮನೆಯಲ್ಲಿ ಅವಳು ಅಂಗಳದ ನಲ್ಲಿಯ ಹತ್ತಿರ ನಿಂತು ಹೇಳಿದಳು. ಒಳಗೆ ಹೋದರೆ ಯಾವುದಾದರೂ ಒಂದು ಬಾಗಿಲು ಆರಿಸಿಕೊಳ್ಳಬೇಕಿತ್ತು. ಮೂವರೂ ಹೊರಗೆ ಬಂದು ಕೇಳಿದರು. ಅಜ್ಜಿ ಉಪ್ಪಿನ ಡಬ್ಬಿಯ ಅಡಿಯಿಂದ ಹಾಳೆ ಎಳೆದು ತಂದಳು. ಡಬ್ಬಿಯ ದುಂಡನೆಯ ಗುರುತು ಏಳನೆಯ ಅಂಶದ ಸುತ್ತ ಬಿದ್ದಿತ್ತು. ಫ್ರಿಜ್ ಡಾಕ್ಟರ್ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿದ. ಎಣ್ಣೆಯ ಕಲೆ ಬಿಟ್ಟರೆ ಹಿಂದೆ ಬೆಳ್ಳಗಿತ್ತು. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ ತಿರುಗಿಸಿದ.

"ತಪ್ಪಾಯ್ತಪ್ಪ," ಎಂದಳು ಮಗಳು.

"ನಿನ್ನದೇನು ತಪ್ಪು. ನಾನೂ ಓದಿದ್ದೆನಲ್ಲ."

"ಒಂದು ಮನೆಗೆ ಒಂದೇ ಸೀಟು ಅಂದ್ರು, ಒಂದೇ ಕೊಟ್ರು," ಎಂದಳು ಅಮ್ಮ. "ಅವರು ಮಾತು ತಪ್ಪಲಿಲ್ಲ ಬಿಡಿ."

ಕೋರ್ಸು ಶುರುವಾಯಿತು. ಮಗಳು ಬೆಳಿಗ್ಗೆ ಏಳಕ್ಕೆ ಹಿತ್ತಲ ಒಲೆಯ ಟೀ ಕುಡಿದು, ನೀಲಿ ಅಂಗಿ ತೊಟ್ಟು ಹೋಗುತ್ತಿದ್ದಳು. ಮೊದಲ ತಾರೀಕು ದಾಟಿದ ಮೇಲೆ ಗ್ಯಾಸ್ ಅಂಗಡಿಯವನು, ಇಷ್ಟು ವರ್ಷದ ಪರಿಚಯ, ಆದರೆ ನಿಮ್ಮದೇ ಕಾರ್ಡಿನ ನಂಬರು ಹಾಕದಿದ್ದರೆ ಬಿಲ್ಲೇ ಬರುವುದಿಲ್ಲ, ಮಗಳದ್ದು ನಡೆಯುವುದಿಲ್ಲ ಎಂದು ಕೈ ಆಡಿಸಿದ. ಫ್ರಿಜ್ ಡಾಕ್ಟರ್ ಈಗ ಬಾಗಿಲಿನ ರಬ್ಬರು, ಬಲ್ಬು, ಟೇಬಲ್ ಫ್ಯಾನು ಇಂಥವನ್ನೇ ನೋಡುತ್ತಿದ್ದ. ಅಭ್ಯಾಸಬಲದಿಂದ ಕಂಪ್ರೆಸರಿಗೆ ಸ್ಕ್ರೂಡ್ರೈವರ್ ಆನಿಸಿ ಕೇಳಿ, ಗ್ಯಾಸ್ ಸೋರಿದೆ ಎಂದು ಹೇಳಿ, ಬೇರೆಯವರನ್ನು ಕರೆಯಿರಿ ಎನ್ನುತ್ತಿದ್ದ.

ಒಂದು ಸಂಜೆ ಮಗಳ ಪುಸ್ತಕ ತೆಗೆದು, ಇವತ್ತು ಏನು ಹೇಳಿಕೊಟ್ಟರು ಎಂದು ಕೇಳಿದ. ಅವಳಿಗೆ ಹೇಳಲು ಮನಸ್ಸಿರಲಿಲ್ಲ, ಅವನು ಬಿಡಲಿಲ್ಲ. ಸದ್ದು ಕೇಳಿ ದೋಷ ನಿರ್ಧರಿಸಬಾರದು, ಮೀಟರ್ ಹಾಕಿಯೇ ನೋಡಬೇಕು ಎಂದು ಅವಳು ಓದಿದಳು. ಅವನು, ಅದೂ ಸರಿಯೇ, ಮೀಟರ್ ಹಾಕಿದರೆ ಎರಡು ಸಲ ನೋಡಿದಂತಾಗುತ್ತದೆ ಎಂದ.

ಆಮೇಲೆ ಎದ್ದು ಹಿತ್ತಲ ಕೋಣೆಗೆ ಹೋದ. ಅಜ್ಜಿಯ ಒಲೆ ಹಳದಿಯಾಗಿ ತೂರಾಡುತ್ತಿತ್ತು. ಅವನು ಪಾತ್ರೆ ಇಳಿಸಿ, ಒಲೆ ಆರಿಸಿ, ಆರಲು ಬಿಟ್ಟು, ಬರ್ನರಿನ ಕೊಳವೆಯ ಬುಡಕ್ಕೆ ಸ್ಕ್ರೂಡ್ರೈವರ್ ಹಾಕಿದ.

"ಏನೋ ಮಾಡ್ತಿದ್ದೀಯ? ಕಿಂಡಿ ಬಿಚ್ಚಿದ್ರೆ ಮಸಿ ಹಿಡಿಯಲ್ವಲ್ಲೋ. ಮತ್ತೆ ತನಿಖೆಗೆ ಬರ್ತಾರಂತೆ."

"ಬರಲಿ. ಮಸಿ ಬೇಕಾಗಿದ್ದು ಸುಳ್ಳಿಗಮ್ಮ. ಈಗ ಇಲ್ಲಿ ಸುಳ್ಳು ಯಾವುದಿದೆ?"

ಅವನು ಕಡ್ಡಿ ಗೀರಿದ. ಉರಿ ಅಂಚಿನವರೆಗೆ ನೀಲಿಯಾಗಿ, ಸದ್ದಿಲ್ಲದೆ ಬಂತು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಅಂಗಳಕ್ಕೆ ಬಂದು ನಲ್ಲಿಯಲ್ಲಿ ಕೈ ತೊಳೆದ. ಎರಡೂ ಬಾಗಿಲಿನಿಂದ ಈರುಳ್ಳಿ ಹುರಿಯುವ ವಾಸನೆ ಬರುತ್ತಿತ್ತು. ಊಟಕ್ಕೆ ಎಂದು ಅಮ್ಮ ಕರೆಯಬಹುದು, ಇಲ್ಲ ಹೆಂಡತಿ ಕರೆಯಬಹುದು ಎಂದು ಒದ್ದೆ ಕೈಯಲ್ಲಿ ಅಲ್ಲೇ ನಿಂತ. ಅವನು ಇನ್ನೊಂದು ಕಡೆ ಉಣ್ಣುತ್ತಾನೆಂದು ಅಂದುಕೊಂಡು ಇಬ್ಬರೂ ಕರೆಯಲಿಲ್ಲ.